ಪೂರ್ಣ ಮನಸ್ಸಿನ ಬಾಳು: ರೇನರ್ಸ್ ಲೇನಿನಲ್ಲಿ ಉತ್ತಂಗಿಯವರ ನೆನಪು

ಲಂಡನ್ ನಗರದ ವಾಯವ್ಯ ಭಾಗದಲ್ಲಿರುವ ನಮ್ಮ ರೇನರ್ಸ್ ಲೇನ್‌ಗೆ ಬಂದವರ ಕಣ್ಣನ್ನು ಒಂದು ಕಟ್ಟಡ ಸೆಳೆಯದಿರದು. 1936ರಲ್ಲಿ ಚಿತ್ರಮಂದಿರವಾಗಿ ಆರಂಭಗೊಂಡ, ಆನೆಯ ಸೊಂಡಿಲಿನಂತೆ ಬಾಗಿದ ಮುಂಭಾಗವುಳ್ಳ ಆ ಕಟ್ಟಡ ಇಂದು ಜರತುಷ್ಟ್ರ ಧರ್ಮೀಯರ ಕೇಂದ್ರವಾಗಿದೆ. ಸಂಖ್ಯೆಯಲ್ಲಿ ಅಲ್ಪರಾದರೂ ಪರದೇಶದಲ್ಲಿ ತಮ್ಮ ಶ್ರದ್ಧೆಯನ್ನು ಕಾಪಾಡಿಕೊಂಡು ಬಂದ ಆ ಬಂಧುಗಳನ್ನು ಕಂಡಾಗಲೆಲ್ಲ, ಕನ್ನಡ ಕ್ರೈಸ್ತರಾದ ನಾವು ನಮ್ಮ ವಿಶ್ವಾಸವನ್ನು ಎಷ್ಟು ಪೂರ್ಣ ಮನಸ್ಸಿನಿಂದ ಬಾಳುತ್ತಿದ್ದೇವೆ ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ.

ಆ ಪ್ರಶ್ನೆಯನ್ನು ತೀಕ್ಷ್ಣಗೊಳಿಸಿದವರು ನೆರೆಯ ಬೀದಿಯ ಹಿರಿಯರೊಬ್ಬರು. ಧಾರವಾಡದ ಕಡೆಯ ಮಾಧ್ವ ಮನೆತನದವರು. ಮಡದಿಯನ್ನು ಕಳೆದುಕೊಂಡು ಒಂಟಿಯಾಗಿದ್ದರು. ಒಮ್ಮೆ ದಾರಿಯಲ್ಲಿ ಭೇಟಿಯಾದಾಗ, “ನೀವು ಕ್ರಿಶ್ಚಿಯನ್ನರಲ್ಲವೇ? ಉತ್ತಂಗಿ ಪಾದ್ರಿಗಳ ಸರ್ವಜ್ಞ ನಿಮ್ಮ ಮನೆಯಲ್ಲಿ ಇದ್ದೇ ಇರಬೇಕು. ನಾಲ್ಕು ದಿನ ಓದಲು ಕೊಡುವಿರಾ?” ಎಂದು ಕೇಳಿದರು. ನನ್ನಲ್ಲಿ ಆ ಪುಸ್ತಕವಿರಲಿಲ್ಲ. ಇದ್ದುದು ಉತ್ತಂಗಿಯವರ ಹೆಸರಿನ ಮಸುಕಾದ ನೆನಪು ಮಾತ್ರ. ಭಾನುವಾರದ ಆರಾಧನೆಯನ್ನು ಎಂದೂ ತಪ್ಪಿಸದ ನನಗೆ ಅಂದು ನಾಚಿಕೆಯಾಯಿತು.

ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಜನಿಸಿದರು. 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದು ಬೋಧಕರಾದರು. ಕ್ರಿಸ್ತಭಕ್ತಿಯಲ್ಲಿ ಅವರು ಎಳ್ಳಷ್ಟೂ ಸಡಿಲರಾಗಿರಲಿಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರೇ ಅದಕ್ಕೆ ಸಾಕ್ಷಿ. ಆದರೆ ಅದೇ ಭಕ್ತಿಯು ಅವರನ್ನು ನೆರೆಯವರಿಂದ ದೂರ ಸರಿಸಲಿಲ್ಲ, ಹತ್ತಿರ ತಂದಿತು. ಜನರ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಳ ಕಾಲ ಹುಡುಕಿ, ಸುಮಾರು ಎರಡು ಸಾವಿರದಷ್ಟನ್ನು ಪರಿಷ್ಕರಿಸಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪದ ಐತಿಹಾಸಿಕತೆಯ ಕುರಿತೂ ಶ್ರಮಪಟ್ಟು ಬರೆದರು. ‘ತಿರುಳ್ಗನ್ನಡದ ತಿರುಕ’ ಎಂದು ಹೆಸರಾದ ಈ ಪಾದ್ರಿಯನ್ನು ಕನ್ನಡ ನಾಡು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. 1962ರಲ್ಲಿ ಅವರು ದೈವಾಧೀನರಾದರು.

ಪೂರ್ಣ ಹೃದಯದಿಂದ ದೇವರನ್ನು ಪ್ರೀತಿಸುವುದು ಮೊದಲನೆಯ ಆಜ್ಞೆಯೆಂದೂ ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು ಎರಡನೆಯದೆಂದೂ ಯೇಸುಸ್ವಾಮಿ ಬೋಧಿಸಿದರು. ನಾವು ಬಹುಮಂದಿ ಇವೆರಡನ್ನೂ ಬೇರ್ಪಡಿಸಿ, ಮೊದಲನೆಯದನ್ನು ಭಾನುವಾರಕ್ಕೂ ಎರಡನೆಯದನ್ನು ದೇಣಿಗೆಯ ಲಕೋಟೆಗೂ ಸೀಮಿತಗೊಳಿಸಿದ್ದೇವೆ. ಉತ್ತಂಗಿಯವರು ಬೇರ್ಪಡಿಸಲಿಲ್ಲ. ನೆರೆಯವನನ್ನು ಪ್ರೀತಿಸುವುದೆಂದರೆ ಅವನಿಗೆ ಪ್ರಿಯವಾದುದನ್ನು ಗೌರವದಿಂದ ಅರಿಯುವುದೂ ಹೌದೆಂದು ಅವರ ಬಾಳು ತೋರಿಸಿತು. ತಮ್ಮ ನಂಬಿಕೆಯಲ್ಲಿ ಬೇರೂರಿದವರಿಗೆ ಪರರ ಸಂಪತ್ತನ್ನು ಕಂಡು ಭಯವಿಲ್ಲ. ಅರೆಮನಸ್ಸಿನ ನಂಬಿಕೆಯೇ ಬಾಗಿಲು ಮುಚ್ಚಿಕೊಳ್ಳುವುದು.

ನಮಗೆ ಈ ನಗರದ ಋಣವೂ ಇದೆ. ಲಂಡನ್ ಮಿಷನರಿ ಸೊಸೈಟಿಯಿಂದ 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅವರು ಕನ್ನಡವನ್ನು ಕಲಿತು ಬೈಬಲ್ ಅನುವಾದದಲ್ಲಿ ತೊಡಗಿದರು. 1831ರ ವೇಳೆಗೆ ಇಡೀ ಗ್ರಂಥ ಕನ್ನಡದಲ್ಲಿ ಸಿದ್ಧವಾಯಿತು. ಲಂಡನ್ನಿನಿಂದ ಹೋದವರು ನಮ್ಮ ನುಡಿಗೆ ಅಷ್ಟು ದುಡಿದಿರಲು, ಲಂಡನ್ನಿಗೆ ಬಂದ ನಾವು ಅದನ್ನು ಮಕ್ಕಳ ನಾಲಗೆಯಿಂದ ಜಾರಿಬಿಡುವುದು ಉಚಿತವೇ?

ಊರಿನಿಂದ ಸರ್ವಜ್ಞನ ಪುಸ್ತಕವನ್ನು ತರಿಸಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ಹಿರಿಯರ ಕಣ್ಣು ಮಂಜಾಗಿತ್ತು. ಆದುದರಿಂದ ಬುಧವಾರ ಸಂಜೆಗಳಲ್ಲಿ ನಾನೇ ಹೋಗಿ ಓದತೊಡಗಿದೆ. ಅವರು ಅರ್ಥ ಹೇಳುತ್ತಿದ್ದರು. ಜೊತೆಗೆ ಬರುತ್ತಿದ್ದ ನನ್ನ ಮಗಳು ತಪ್ಪು ತಪ್ಪಾಗಿ ಒಪ್ಪಿಸುತ್ತಿದ್ದಳು. ಒಂದು ಸಂಜೆ ಅವರೇ, “ಇಂದು ನಿಮ್ಮ ಪುಸ್ತಕದಿಂದಲೂ ಒಂದಿಷ್ಟು ಓದಿ” ಎಂದರು. ನಾನು ಕನ್ನಡ ಬೈಬಲನ್ನು ತೆರೆದು ಓದಿದೆ. ನನ್ನ ಮತವನ್ನು ಸಾರಬೇಕೆಂಬ ಹಂಬಲದಿಂದ ನಾನು ಓದಲಿಲ್ಲ. ತಮ್ಮ ಮತವನ್ನು ಬಿಡುವ ಯೋಚನೆಯಿಂದ ಅವರು ಕೇಳಲಿಲ್ಲ. ಆದರೂ ನನ್ನ ಪ್ರಾರ್ಥನೆಯ ಬದುಕಿನಲ್ಲಿ ಅಷ್ಟು ನಿಜವಾದ ಗಳಿಗೆ ಮತ್ತೊಂದಿಲ್ಲ.

ಸಮ್ಮೇಳನಕ್ಕೆ ಬಂದಿರುವ ಆತ್ಮೀಯರೇ, ನಿಮ್ಮ ಮತ ಯಾವುದೇ ಇರಲಿ, ಅದನ್ನು ಪೂರ್ಣ ಮನಸ್ಸಿನಿಂದ ಬಾಳಿರಿ. ಊರಿಗೆ ಮರಳಿದ ಮೇಲೆ, ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಕನ್ನಡಿಗರೊಬ್ಬರ ಬಾಗಿಲನ್ನು ಈ ವಾರವೇ ತಟ್ಟಿರಿ.