ಪಾಠದ ಪುಸ್ತಕವೂ ಪಾಠದ ಪರದೆಯೂ

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಉಚಿತವಾಗಿ ದೊರೆಯುವ ಪಠ್ಯಪುಸ್ತಕವನ್ನು ಈಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡು ನೋಡಿದವರಿಗೆ, ಪಾಠದ ಶೀರ್ಷಿಕೆಯ ಮಗ್ಗುಲಲ್ಲಿ ಕಪ್ಪು ಬಿಳುಪಿನ ಸಣ್ಣ ಸಣ್ಣ ಚೌಕಗಳು ಕಿಕ್ಕಿರಿದ ಮುದ್ರೆಯೊಂದು ಕಣ್ಣಿಗೆ ಬಿದ್ದಿರಬಹುದು. ತರಕಾರಿ ಅಂಗಡಿಯಲ್ಲಿ ಹಣ ಕೊಡುವಾಗ ಮೊಬೈಲಿನಿಂದ ನಾವು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡಿನ ಜಾತಿಯದೇ ಅದು. ಪುಸ್ತಕದ ಮುದ್ರೆಯನ್ನು ಹಾಗೆ ಸ್ಕ್ಯಾನ್ ಮಾಡಿದಲ್ಲಿ, ಕೇಂದ್ರ ಸರ್ಕಾರವು 2017ರ ಶಿಕ್ಷಕರ ದಿನದಂದು ಪ್ರಾರಂಭಿಸಿದ ದೀಕ್ಷಾ ಎಂಬ ಜಾಲತಾಣದಿಂದ ಆ ಪಾಠಕ್ಕೆ ಸಂಬಂಧಪಟ್ಟ ವಿಡಿಯೊ, ಅಭ್ಯಾಸದ ಪ್ರಶ್ನೆ, ವಿವರಣೆ ಮೊದಲಾದವು ಪರದೆಯ ಮೇಲೆ ತೆರೆದುಕೊಳ್ಳುತ್ತವೆ. ತಲೆಮಾರುಗಳ ಕಾಲ ತನ್ನ ಎರಡು ರಟ್ಟುಗಳ ನಡುವೆ ಇರುವುದೇ ವಿದ್ಯೆಯ ಸರ್ವಸ್ವವೆಂಬಂತೆ ವಿರಾಜಿಸಿದ ಪಠ್ಯಪುಸ್ತಕವು, ತನ್ನಿಂದಾಚೆಗೂ ಪಾಠವುಂಟೆಂದು ತಾನೇ ಒಪ್ಪಿಕೊಂಡು ದಾರಿ ತೋರಿಸತೊಡಗಿದೆ. ಪುಸ್ತಕ ಉಳಿಯುವುದೋ ಅಳಿಯುವುದೋ ಎಂದು ಅನೇಕರು ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಬೇರೊಂದು ಪ್ರಶ್ನೆ: ಇಷ್ಟು ಸಾಮಗ್ರಿಗಳ ನಡುವೆ ಈ ಮಗುವಿಗೆ ಈ ಹೊತ್ತು ಯಾವುದು ಬೇಕೆಂದು ಆರಿಸತಕ್ಕವರು ಯಾರು, ಆ ಆಯ್ಕೆಗೆ ಬೇಕಾದ ಅವಕಾಶವನ್ನೂ ವಿಶ್ವಾಸವನ್ನೂ ನಾವು ಅವರಿಗೆ ಕೊಟ್ಟಿದ್ದೇವೆಯೆ?

ಪಠ್ಯಪುಸ್ತಕವು ಅನಾದಿಯಾದ ವಸ್ತುವೇನೂ ಅಲ್ಲ. ನಮ್ಮ ನಾಡಿನ ಕೂಲಿಮಠಗಳಲ್ಲಿ ಐಗಳ ಮುಂದೆ ಕುಳಿತ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿಯನ್ನು ರಾಗವಾಗಿ ಒಪ್ಪಿಸಿ, ಅಮರಕೋಶವನ್ನೂ ಜೈಮಿನಿ ಭಾರತದ ಪದ್ಯಗಳನ್ನೂ ಕಂಠಸ್ಥ ಮಾಡುತ್ತಿದ್ದ ಕಾಲದಲ್ಲಿ, ಪ್ರತಿಯೊಬ್ಬನ ಕೈಯಲ್ಲಿಯೂ ಒಂದೇ ಬಗೆಯ ಪುಸ್ತಕವಿರಬೇಕೆಂಬ ಕಲ್ಪನೆಯೇ ಇರಲಿಲ್ಲ. ಆ ಕಾಲದ ಬರವಣಿಗೆಯ ಸಾಧನಗಳಲ್ಲೊಂದಾದ ಕಡತವನ್ನು ಹಳೆಯ ಮನೆತನಗಳಲ್ಲಿ ಈಗಲೂ ಕಾಣಬಹುದು: ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪನೆಯ ಹೊತ್ತಗೆ, ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದು. ಪಾಠವು ಐಗಳ ನೆನಪಿನಲ್ಲಿತ್ತು. ಐಗಳಿಗೆ ಎಷ್ಟು ಗೊತ್ತೋ ಅಷ್ಟು, ಅವರ ಮನಸ್ಸಿಗೆ ಬಂದಷ್ಟು. ಊರಿನಲ್ಲಿ ಕೂಲಿಮಠವಿಲ್ಲದವರಿಗೆ, ಇದ್ದರೂ ಅದರ ಹೊಸ್ತಿಲು ದಾಟಲು ಜಾತಿಯ ಕಟ್ಟಳೆ ಬಿಡದವರಿಗೆ ಅಷ್ಟೂ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳೂ ಸರ್ಕಾರದ ವಿದ್ಯಾ ಇಲಾಖೆಯೂ ಬಂದ ಮೇಲೆ ಈ ವ್ಯವಸ್ಥೆ ಬದಲಾಯಿತು. ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂತಹವರು ಕನ್ನಡ ಶಾಲೆಗಳಿಗಾಗಿ ಪಟ್ಟ ಪರಿಶ್ರಮವನ್ನೂ, ಮುಂದಿನ ತಲೆಮಾರಿನಲ್ಲಿ ಕರಾವಳಿಯ ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗುತ್ತಲೇ ಮಕ್ಕಳ ನಾಲಗೆಗೆ ಒಗ್ಗುವ ಕಥೆ ಕವಿತೆಗಳನ್ನು ಬರೆದುದನ್ನೂ ನೆನೆದರೆ, ಪಾಠದ ಪುಸ್ತಕವೆಂಬುದು ಕನ್ನಡಕ್ಕೆ ಎಂತಹ ಆಸರೆಯಾಗಿ ಒದಗಿತೆಂಬುದು ಗೊತ್ತಾಗುತ್ತದೆ. ಬೀದರಿನ ಮಗುವೂ ಬ್ರಹ್ಮಾವರದ ಮಗುವೂ ಒಂದೇ ಪುಟವನ್ನು ತೆರೆಯಬಹುದಾದುದು, ಓದುಬರಹವಿಲ್ಲದ ಮನೆಯೊಳಕ್ಕೆ ಮೊಟ್ಟಮೊದಲ ಅಚ್ಚಾದ ಪುಸ್ತಕ ಕಾಲಿಟ್ಟುದು, ಅಣ್ಣ ಓದಿದ ಪುಸ್ತಕಕ್ಕೆ ಹೊಸ ರಟ್ಟು ಹಾಕಿಕೊಂಡು ತಂಗಿ ಓದಿದುದು, ಇವೆಲ್ಲವೂ ಆ ಆಸರೆಯ ಫಲಗಳೇ.

ಆದರೆ ಸಮಾನತೆಯ ಸಾಧನವಾಗಿ ಬಂದುದು ಕ್ರಮೇಣ ಅಧಿಕಾರದ ಮುದ್ರೆಯಾಯಿತು. ಇನ್ಸ್‌ಪೆಕ್ಟರು ಬಂದಾಗ ಕೇಳುವುದು ಎಷ್ಟು ಪಾಠ ಮುಗಿದಿದೆಯೆಂದು. ಪರೀಕ್ಷೆಯಲ್ಲಿ ಬರುವುದು ಪುಸ್ತಕದ ಪಾಠದ ಕೊನೆಗಿರುವ ಪ್ರಶ್ನೆ. ಉತ್ತರವು ಪುಸ್ತಕದಲ್ಲಿದ್ದಂತೆಯೇ ಇರಬೇಕು. ಹೀಗಾಗಿ ಉಪಾಧ್ಯಾಯರು ಮಗುವಿಗೆ ಕಲಿಸುವುದನ್ನು ಬಿಟ್ಟು ಪುಸ್ತಕವನ್ನು ಮುಗಿಸುವವರಾದರು. ಪುಸ್ತಕವೂ ವರ್ಷದಿಂದ ವರ್ಷಕ್ಕೆ ದಪ್ಪವಾಯಿತು. 1989ರಲ್ಲಿ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ಮೈಸೂರಿನ ಆರ್. ಕೆ. ನಾರಾಯಣ್ ಅವರು ತಮ್ಮ ಚೊಚ್ಚಲ ಭಾಷಣದ ವಸ್ತುವನ್ನಾಗಿ ಆರಿಸಿಕೊಂಡುದು ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಚೀಲವನ್ನು. ಆ ಮಾತಿನ ಪರಿಣಾಮವಾಗಿ ಮುಂದೆ ರಚಿತವಾದ ಯಶ್‌ಪಾಲ್ ಸಮಿತಿಯು 1993ರ ತನ್ನ ವರದಿಯಲ್ಲಿ, ಚೀಲದ ಭಾರಕ್ಕಿಂತ ಅರ್ಥವಾಗದುದನ್ನು ಹೊರುವ ಭಾರ ದೊಡ್ಡದೆಂಬ ನಿಲುವಿಗೆ ಬಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪಠ್ಯಪುಸ್ತಕವನ್ನು ಕಲಿಕೆಯ ಅನೇಕ ಸಾಧನಗಳಲ್ಲಿ ಒಂದಾಗಿ ಕಂಡಿತು.

ಆ ಚೌಕಟ್ಟಿಗೆ ಹತ್ತು ವರ್ಷ ಮೊದಲೇ ಕರ್ನಾಟಕದ ಒಂದು ಮೂಲೆಯಲ್ಲಿ ಉಪಾಧ್ಯಾಯರೇ ಪುಸ್ತಕವನ್ನು ಬದಿಗಿಟ್ಟು ನೋಡಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಯುನಿಸೆಫ್‌ನ ನೆರವಿನಿಂದಲೂ ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದಲೂ ಆರಂಭಿಸಿದ ನಲಿ-ಕಲಿಯ ತರಗತಿಯನ್ನು ಹೊಕ್ಕವರಿಗೆ ಮೊದಲು ಕಾಣುವುದು ತಲೆಯ ಮೇಲಿನ ಚಪ್ಪರ: ಗೋಡೆಯಿಂದ ಗೋಡೆಗೆ ಕಟ್ಟಿದ ದಾರಗಳು, ದಾರಗಳಿಗೆ ತೂಗುಹಾಕಿದ ಮಕ್ಕಳ ಚಿತ್ರಗಳು, ಕಾಗದದ ಹಕ್ಕಿಗಳು. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ, ಕಪ್ಪು ಹಲಗೆ. ಒಂದು ಕಡೆ ಕಲಿಕಾ ಏಣಿ. ಅದರ ಮೆಟ್ಟಿಲುಗಳಲ್ಲಿ ಬೇರೆ ಬೇರೆ ಚಿಹ್ನೆಗಳು. ಮಗುವು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂಬುದನ್ನು ತಾನೇ ನೋಡಿಕೊಂಡು, ಆ ಚಿಹ್ನೆಯ ಕಾರ್ಡನ್ನು ತಾನೇ ತೆಗೆದುಕೊಂಡು, ಆ ಹಂತಕ್ಕೆ ಗೊತ್ತುಪಡಿಸಿದ ಗುಂಪಿನಲ್ಲಿ ಹೋಗಿ ಕೂಡುತ್ತದೆ. ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ, ಮತ್ತೊಂದಕ್ಕೆ ಸಹಪಾಠಿಯ ಬೆಂಬಲ, ಮಗದೊಂದು ಸ್ವಕಲಿಕೆಯದು. ಜ್ವರ ಬಂದು ವಾರಗಟ್ಟಲೆ ಶಾಲೆ ತಪ್ಪಿಸಿದ ಮಗು, ಸುಗ್ಗಿಯಲ್ಲಿ ತಾಯಿತಂದೆಯರ ಸಂಗಡ ಹೋಗಿ ಬಂದ ಮಗು, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ತರಗತಿಯೆಲ್ಲ ಹನ್ನೆರಡನೆಯ ಪಾಠಕ್ಕೆ ಹೋಗಿರುವಾಗ ಏಳನೆಯ ಪಾಠವನ್ನೇ ಕಾಣದೆ ಕಂಗಾಲಾಗಿ ಕೂಡಬೇಕಾಗಿಲ್ಲ. 2009-10ನೆಯ ಸಾಲಿನಿಂದ ಈ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವ್ಯಾಪಿಸಿತು. ವ್ಯಾಪಿಸುವಾಗ ಕೆಲವೆಡೆ ಸತ್ತ್ವ ತೆಳುವಾದುದೂ ನಿಜ: ತಾವೇ ಕಾರ್ಡು ಬರೆದು ಕತ್ತರಿಸಿ ಅಂಟಿಸಿದವರ ಉತ್ಸಾಹವು ಆದೇಶದ ಮೂಲಕ ಅವನ್ನು ಪಡೆದವರಲ್ಲಿ ಹೇಗೆ ತಾನೆ ಹುಟ್ಟೀತು? ಆದರೂ ಪುಸ್ತಕದ ಏಕಾಧಿಪತ್ಯವಿಲ್ಲದೆ ಪಾಠ ನಡೆಯಬಲ್ಲುದೆಂಬುದನ್ನು, ವಿದ್ಯುತ್ತಿನ ಒಂದು ಬೆಳಕಿನ ಹಂಗೂ ಇಲ್ಲದೆ, ರಟ್ಟು ಕಾಗದ ದಾರಗಳಿಂದ ಸಾಧಿಸಿ ತೋರಿಸಿದವರು ನಮ್ಮ ಹಳ್ಳಿಯ ಮೇಷ್ಟರುಗಳು ಮತ್ತು ಮೇಡಂಗಳು. ಈಗ ದೊಡ್ಡ ದೊಡ್ಡ ಸಂಸ್ಥೆಗಳು ತಮ್ಮ ತಂತ್ರಾಂಶವು ಪ್ರತಿಯೊಂದು ಮಗುವಿನ ವೇಗಕ್ಕೆ ಹೊಂದಿಕೊಳ್ಳುತ್ತದೆಂದು ಹೇಳಿಕೊಳ್ಳುವಾಗ ನನಗೆ ಆ ಏಣಿಯ ನೆನಪಾಗುತ್ತದೆ.

ಪರದೆಯೂ ನಮ್ಮ ಹಳ್ಳಿಗಳಿಗೆ ನಿನ್ನೆ ಮೊನ್ನೆ ಬಂದುದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಿದ ಸೈಟ್ ಎಂಬ ಪ್ರಯೋಗದಲ್ಲಿ, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಗ್ರಾಮಗಳೂ ಸೇರಿದ್ದವು. ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ ಆಕಾಶದ ಕಡೆ ಮುಖಮಾಡಿ ನಿಂತಿತ್ತು. ಬೆಳಗಿನ ಹೊತ್ತು ಮಕ್ಕಳ ಕಾರ್ಯಕ್ರಮ ಕನ್ನಡದಲ್ಲಿ ಬರುತ್ತಿತ್ತು. ಆಗಿನ್ನೂ ಎಷ್ಟೋ ಪಟ್ಟಣಗಳು ಕಾಣದಿದ್ದ ದೂರದರ್ಶನವನ್ನು ಬಯಲುಸೀಮೆಯ ಹಳ್ಳಿಯ ಮಕ್ಕಳು ಕಂಡರೆಂಬುದು ಸಾಮಾನ್ಯ ಸಂಗತಿಯಲ್ಲ. ಮುಂದೆ 2004ರ ಸೆಪ್ಟೆಂಬರಿನಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಬಂದವು. ರೇಡಿಯೊದಲ್ಲಿ ‘ಕೇಳಿ ಕಲಿ’ ಬಂದಿತು. ಆಕಾಶದಿಂದ ಬರುವ ಈ ಪಾಠಗಳಿಗೆಲ್ಲ ಒಂದು ಸಮಾನವಾದ ಮಿತಿಯಿತ್ತು. ಅವು ತಮ್ಮ ಗಳಿಗೆಗೆ ಬರುತ್ತಿದ್ದವು, ತಮ್ಮ ಗಳಿಗೆಗೆ ಮುಗಿಯುತ್ತಿದ್ದವು. ‘ಸಾರ್, ಅದು ತಿಳೀಲಿಲ್ಲ’ ಎಂದು ಮಗುವೊಂದು ಕೈಯೆತ್ತಿದರೆ ಅವು ನಿಲ್ಲುವಂತಿರಲಿಲ್ಲ.

ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಬೇಡವಾದುದನ್ನು ಬಿಡಬಹುದು ಎಂಬುದೇ ಈಗಿನ ಡಿಜಿಟಲ್ ಸಾಮಗ್ರಿಯ ನಿಜವಾದ ಹೆಚ್ಚುಗಾರಿಕೆ. ಇದರ ಬೆಲೆ ಗೊತ್ತಾಗುವುದು ಆಯ್ಕೆ ಬಲ್ಲ ಉಪಾಧ್ಯಾಯರ ಕೈಯಲ್ಲಿ. ಬೀಜ ಮೊಳೆಯುವ ಪಾಠವನ್ನು ತೆಗೆದುಕೊಳ್ಳಿ. ದಿನಗಟ್ಟಲೆ ನಡೆಯುವ ಕ್ರಿಯೆಯನ್ನು ನಿಮಿಷದಲ್ಲಿ ತೋರಿಸುವ ವಿಡಿಯೊ ನೋಡಲು ಬಹಳ ಸೊಗಸು. ಆದರೆ ಒದ್ದೆಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಟ್ಟು, ಬೆಳಗಾಗುತ್ತಲೇ ಬಿಚ್ಚಿ, ಮೊಳಕೆಯ ವಾಸನೆಯನ್ನು ಮೂಗಿನಿಂದಲೇ ಅರಿತು, ಒಂದು ಕಾಳು ಮಾತ್ರ ಏಕೆ ಮೊಳೆಯಲಿಲ್ಲವೆಂದು ಕೇಳುವ ಮಗುವಿಗೆ ಆ ವಿಡಿಯೊ ಮೊದಲು ಬೇಡ, ಕೊನೆಗೆ ಸಾಕು. ಹೃದಯದ ಕವಾಟಗಳು ತೆರೆದು ಮುಚ್ಚುವ ಕ್ರಮವನ್ನಾದರೋ ಪುಸ್ತಕದ ನಿಶ್ಚಲ ಚಿತ್ರ ಎಷ್ಟು ಬಣ್ಣ ತಳೆದರೂ ತೋರಿಸಲಾರದು. ಅಲ್ಲಿ ಪರದೆಗೆ ಸಾಟಿಯಿಲ್ಲ. ಕನ್ನಡದ ತರಗತಿಯಲ್ಲಿಯೂ ಹಾಗೆಯೇ. ಬೇಂದ್ರೆಯವರ ಪದ್ಯವನ್ನು ಪುಟದ ಮೇಲೆ ಮಾತ್ರ ಕಂಡ ಮಗುವಿಗೂ, ಅವರದೇ ವಾಚನದ ಧ್ವನಿಮುದ್ರಣವನ್ನು ಕೇಳಿ, ಧಾರವಾಡದ ಮಾತಿನ ಲಯವನ್ನು ಕಿವಿಗೆ ತುಂಬಿಕೊಂಡು, ಆಮೇಲೆ ಪುಟಕ್ಕೆ ಮರಳಿದ ಮಗುವಿಗೂ ಎಷ್ಟು ಅಂತರವೆಂಬುದನ್ನು ಹಳೆಯ ಮೈಸೂರಿನ ಕಡೆ ಕನ್ನಡ ಕಲಿಸುವ ಯಾವ ಪಂಡಿತರೂ ಹೇಳಬಲ್ಲರು.

ಹಾಗೆಂದು ಪುಸ್ತಕವನ್ನೇ ಪರದೆಗೆ ಸಾಗಿಸಿಬಿಡುವ ಆತುರವನ್ನು ನಾನು ಒಪ್ಪಲಾರೆ. 2020ರ ಮಹಾಮಾರಿಯ ಕಾಲವು ಇದನ್ನು ಕಠೋರವಾಗಿ ಕಲಿಸಿತು. ಮನೆಗೆ ಒಂದೇ ಮೊಬೈಲು. ಅದು ಅಪ್ಪನ ಜೇಬಿನಲ್ಲಿ ಕೂಲಿಯ ಕೆಲಸಕ್ಕೆ ಹೋಗಿರುವುದು. ಸಂಜೆ ಬಂದರೆ ಮೂವರು ಮಕ್ಕಳು, ಒಂದು ಪರದೆ, ಮುಗಿದುಹೋದ ಡೇಟಾ. ಅಂತಹ ಸಮಯದಲ್ಲಿ, ಆಗಸ್ಟಿನಲ್ಲಿ ಪ್ರಾರಂಭವಾದ ವಿದ್ಯಾಗಮ ಯೋಜನೆಯಂತೆ ಉಪಾಧ್ಯಾಯರು ಅರಳಿಕಟ್ಟೆಗೂ ಗುಡಿಯ ಜಗಲಿಗೂ ಹೋಗಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಚಂದನ ವಾಹಿನಿ ಪಾಠಗಳನ್ನು ಪ್ರಸಾರ ಮಾಡಿತು. ಅದು ಕೆಟ್ಟರೆ ಇದು, ಇದಿಲ್ಲದಿದ್ದರೆ ಅದು ಎಂಬ ಆ ಪರದಾಟದ ನಡುವೆ, ಕರೆಂಟು, ಸಿಗ್ನಲ್, ಚಾರ್ಜು ಯಾವುದನ್ನೂ ಕೇಳದೆ ಮಗುವಿನ ಬಳಿಯೇ ಉಳಿಯಬಲ್ಲ ಸಾಮಗ್ರಿಯೆಂದರೆ ಪುಸ್ತಕವೊಂದೇ. ಬಡವರ ಮನೆಯ ಮಗುವಿಗೆ ‘ಇದು ನನ್ನದು’ ಎನ್ನಲು ಇರುವ ಏಕೈಕ ಜ್ಞಾನಸಾಧನವನ್ನು ಆಧುನಿಕತೆಯ ಹೆಸರಿನಲ್ಲಿ ಯಾರೂ ಕಿತ್ತುಕೊಳ್ಳಬಾರದು.

ಓದಿನ ಗ್ರಹಿಕೆಯ ದೃಷ್ಟಿಯಿಂದಲೂ ಕಾಗದಕ್ಕೆ ತನ್ನದೇ ಆದ ಬಲವುಂಟು. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಕಲೆಹಾಕಿ 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು, ಮಾಹಿತಿಯ ಬರಹವನ್ನು, ಅದರಲ್ಲಿಯೂ ಸಮಯದ ಒತ್ತಡದಲ್ಲಿ ಓದುವಾಗ, ಪರದೆಗಿಂತ ಕಾಗದದಲ್ಲಿ ಓದಿದವರೇ ಹೆಚ್ಚು ಗ್ರಹಿಸಿದರೆಂದು ಕಂಡುಕೊಂಡಿತು. ತರಗತಿಗಳಿಗೆ ಪರದೆಯನ್ನು ಎಲ್ಲರಿಗಿಂತ ಮೊದಲೇ ತಂದ ದೇಶಗಳಲ್ಲೊಂದಾದ ಸ್ವೀಡನ್, 2023ರಲ್ಲಿ ಅಚ್ಚಿನ ಪುಸ್ತಕಗಳನ್ನು ಶಾಲೆಗೆ ಮರಳಿ ತರಲು 68 ಕೋಟಿ 50 ಲಕ್ಷ ಕ್ರೋನರ್ ಹಣವನ್ನು ತೆಗೆದಿರಿಸಿತು.

ಆದರೂ ಪರದೆಯು ಕೆಲವರಿಗೆ ಬರಿಯ ಸೌಕರ್ಯವಲ್ಲ, ಬಾಗಿಲು. ಕಣ್ಣು ಕಾಣದ ವಿದ್ಯಾರ್ಥಿಗೆ, ಪುಸ್ತಕದ ಅಕ್ಷರವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶವಿದ್ದರೆ, ಇನ್ನೊಬ್ಬರ ಬಿಡುವನ್ನು ಕಾಯದೆ ತಾನೇ ಪಾಠವನ್ನು ಓದಿಕೊಳ್ಳುವ ಸ್ವಾತಂತ್ರ್ಯ ಬರುತ್ತದೆ. ಆದರೆ ಪುಸ್ತಕದ ಪ್ರತಿಯನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಜೋಡಿಸಿ ಪಿಡಿಎಫ್ ಮಾಡಿ ಜಾಲತಾಣದಲ್ಲಿ ಇಟ್ಟರೆ, ಕಣ್ಣುಳ್ಳವರಿಗೆ ಅದು ಚೊಕ್ಕವಾದ ಕನ್ನಡ. ಆ ತಂತ್ರಾಂಶಕ್ಕೆ ಮಾತ್ರ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅಚ್ಚಿಗೆ ಕಳುಹಿಸುವ ಮೊದಲೇ ಅಕ್ಷರಜೋಡಣೆಯನ್ನು ಯೂನಿಕೋಡಿನಲ್ಲಿ ಮಾಡಿಸಿದರೆ ನೀಗುವ ಈ ಕೊರತೆಗೆ, ಹೊಸ ವಿಡಿಯೊಗಳ ತಯಾರಿಕೆಗಿಂತ ಮೊದಲ ಮಣೆ ಸಲ್ಲಬೇಕು.

ಪಠ್ಯಪುಸ್ತಕವು ಎಲ್ಲವನ್ನೂ ತಾನೇ ಹೇಳಬೇಕಾದ ಹೊರೆಯಿಂದ ಈಗ ಬಿಡುಗಡೆ ಹೊಂದಬಹುದು. ಮುಂದಿನ ಪರಿಷ್ಕರಣೆಯಲ್ಲಿ, ಸೇರಿಸುವುದೇನೆಂಬ ವಾದವಿವಾದದಷ್ಟೇ ಶ್ರದ್ಧೆಯಿಂದ ಬಿಡುವುದೇನೆಂಬುದನ್ನೂ ಪರಿಶೀಲಿಸಿ, ನಿಧಾನವಾಗಿ ಎರಡು ಮೂರು ಸಲ ಓದತಕ್ಕ ಬರಹವನ್ನೂ ಮಗು ತಾನೇ ಮಾಡಿ ನೋಡತಕ್ಕ ಕೆಲಸವನ್ನೂ ಪುಸ್ತಕಕ್ಕೆ ಉಳಿಸಿಕೊಂಡು, ಚಲನೆ, ಧ್ವನಿ, ಹೆಚ್ಚಿನ ಉದಾಹರಣೆಗಳನ್ನು ಪರದೆಗೆ ಬಿಡಬಹುದು. ಯಾವುದನ್ನು ಎಲ್ಲಿ ಸೇರಿಸಬೇಕೆಂಬುದನ್ನು ನಿರ್ಧರಿಸಲು ಉಪಾಧ್ಯಾಯರು ಆ ವಿಡಿಯೊಗಳನ್ನು ತರಗತಿಗೆ ಮೊದಲು ತಾವು ನೋಡಿರಬೇಕು. ಹಾಜರಿ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್‌ ಎಂಬ ವಿದ್ಯಾರ್ಥಿ ವಿವರಗಳ ತಾಣಕ್ಕೆ ತುಂಬುವ ಮಾಹಿತಿ, ಇವುಗಳ ನಡುವೆ ಇಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಅದಕ್ಕೆ ಬಿಡುವೆಲ್ಲಿ? ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯ ಒಂದು ಮಧ್ಯಾಹ್ನವನ್ನಾದರೂ ಸುತ್ತೋಲೆಗಳ ಓದಿನಿಂದ ಬಿಡಿಸಿ, ನೆರೆಯ ಶಾಲೆಗಳವರೆಲ್ಲ ಒಟ್ಟಿಗೆ ಕುಳಿತು, ಮುಂದಿನ ತಿಂಗಳ ಪಾಠಗಳಿಗೆ ಒದಗುವ ಸಾಮಗ್ರಿಯನ್ನು ನೋಡಿ, ಬೇಕಾದುದನ್ನು ಇಳಿಸಿಕೊಂಡು, ಬೇಡವಾದುದನ್ನು ಬೇಡವೆಂದು ನಿರ್ಭಯವಾಗಿ ಬರೆದಿಡುವಂತೆ ಮಾಡುವುದು ಇಲಾಖೆಯ ಕೈಯಲ್ಲಿದೆ. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಯೋಜನೆಯೂ ಬೇಡ.