ಸೇರಿನಿಂದ ಕಿಲೋಗ್ರಾಂಗೆ: ಲಿಂಬೆ ಉಪ್ಪಿನಕಾಯಿ ಉದ್ಯಮ ಮತ್ತು ತೂಕದ ಲೆಕ್ಕ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ಲಿಂಬೆಯ ಬೆಳೆಗೆ ಹೆಸರಾದುದು. ಕರ್ನಾಟಕ ರಾಜ್ಯ ನಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲಿದೆ. 2023ರಲ್ಲಿ ‘ಇಂಡಿ ಲಿಂಬೆ’ಗೆ ಜಿ.ಐ. ಮಾನ್ಯತೆಯೂ ದೊರೆಯಿತು. ಹಣ್ಣಿನ ದರ ಕುಸಿದಾಗ ಬೆಳೆಗಾರರಿಗೂ ಸ್ವಸಹಾಯ ಸಂಘಗಳಿಗೂ ಉಪ್ಪಿನಕಾಯಿ ಒಂದು ಆಸರೆ. ಆದರೆ ಮನೆಯ ರುಚಿ ಮಾರುಕಟ್ಟೆಗೆ ಇಳಿಯುವಾಗ ಎದುರಾಗುವ ಮೊದಲ ತೊಡಕು ಅಳತೆಯದು. ಮನೆಯಲ್ಲಿ ಹಣ್ಣು ಎಣಿಕೆಯಿಂದ, ಉಪ್ಪು–ಖಾರ ಬಟ್ಟಲಿನಿಂದ, ಎಣ್ಣೆ ಲೀಟರಿನಿಂದ ಬೀಳುತ್ತವೆ. ಮಾರಾಟ ಮಾತ್ರ ತೂಕದಿಂದ.

ಅಳತೆಯನ್ನು ಬರೆದಿಡುವ ಶಿಸ್ತು ಈ ನೆಲಕ್ಕೆ ಹೊಸದಲ್ಲ. ಇದೇ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನವು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಅಲ್ಲಿದ್ದ ವಿದ್ಯಾಶಾಲೆಗೆ ಬಿಟ್ಟ ಭೂಮಿಯನ್ನು ದೀಪಕ್ಕಿಷ್ಟು, ಉಪಾಧ್ಯಾಯನಿಗಿಷ್ಟು ಎಂದು ನಿವರ್ತನಗಳ ಲೆಕ್ಕದಲ್ಲಿ ವಿಂಗಡಿಸಿ ಹೇಳುತ್ತದೆ.

ಸೇರಿನ ಎರಡು ಅರ್ಥ

ಸೇರು ಎಂಬುದು ತೂಕವೂ ಹೌದು, ಧಾನ್ಯ ಅಳೆಯುವ ಪಾತ್ರೆಯೂ ಹೌದು. ತೂಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಪಾತ್ರೆಯ ಸೇರು ಊರಿಂದೂರಿಗೆ ಬದಲಾಗುತ್ತಿತ್ತು. 1956ರ ಕಾಯಿದೆಯು ಮೆಟ್ರಿಕ್ ಪದ್ಧತಿಯನ್ನು ತಂದಿತು. 1962ರ ಹೊತ್ತಿಗೆ ವ್ಯಾಪಾರದಲ್ಲಿ ಕಿಲೋಗ್ರಾಂ ಕಡ್ಡಾಯವಾಯಿತು. ಅಂಗಡಿಯಿಂದ ಸೇರು ಹೋದರೂ ಅಡುಗೆಮನೆಯಲ್ಲಿ ಅದರ ಸಂತತಿ ಉಳಿದಿದೆ.

ಒಂದೇ ಬಟ್ಟಲು, ಬೇರೆ ಬೇರೆ ತೂಕ

200 ಮಿಲಿಲೀಟರ್ ಬಟ್ಟಲಿನಲ್ಲಿ ನೀರು 200 ಗ್ರಾಂ ತೂಗುತ್ತದೆ. ಅಡುಗೆ ಎಣ್ಣೆ ಸುಮಾರು 183 ಗ್ರಾಂ, ಸಕ್ಕರೆ ಸುಮಾರು 170 ಗ್ರಾಂ, ಖಾರದ ಪುಡಿ ಇದರ ಅರ್ಧದಷ್ಟು. ಪುಡಿಯುಪ್ಪು ಸುಮಾರು 240 ಗ್ರಾಂ ತೂಗಿದರೆ, ನಡುವೆ ಗಾಳಿಯ ಸಂದು ಹೆಚ್ಚಿರುವ ಹರಳುಪ್ಪು ಅದಕ್ಕಿಂತ ಕಡಿಮೆ ತೂಗುತ್ತದೆ.

ಹರಳುಪ್ಪು ಬಟ್ಟಲಿಗೆ 190 ಗ್ರಾಂ ಎಂದು ಹಿಡಿದರೆ, ಹತ್ತು ಬಟ್ಟಲಿಗೆ ಅರ್ಧ ಕಿಲೋ ಅಂತರ. ಪುಡಿಯುಪ್ಪು ಹಾಕಿದ 18 ಕಿಲೋ ಉಪ್ಪಿನಕಾಯಿಯಲ್ಲಿ ಉಪ್ಪಿನ ಪ್ರಮಾಣ ಶೇ. 13.3, ಅಷ್ಟೇ ಬಟ್ಟಲು ಹರಳುಪ್ಪು ಹಾಕಿದರೆ ಶೇ. 10.9ಕ್ಕೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ತುಂಬಿದ ಉಪ್ಪಿನಕಾಯಿಗೆ 2011ರ ಆಹಾರ ಸುರಕ್ಷತಾ ನಿಯಮಾವಳಿ ವಿಧಿಸಿದ ಕನಿಷ್ಠ ಪ್ರಮಾಣ ಶೇ. 12. ಬಟ್ಟಲು ಬದಲಾಗದಿದ್ದರೂ ಸರಕು ಕೆಡಬಹುದು, ನಿಯಮವೂ ತಪ್ಪಬಹುದು.

ಎಣ್ಣೆಯ ಡಬ್ಬಿ

ಪೇಟೆಯಲ್ಲಿ 15 ಕಿಲೋ ಡಬ್ಬಿಯೂ ಉಂಟು, 15 ಲೀಟರ್ ಡಬ್ಬಿಯೂ ಉಂಟು. 15 ಲೀಟರ್ ಎಣ್ಣೆ ತೂಗುವುದು ಸುಮಾರು 13.7 ಕಿಲೋ ಮಾತ್ರ. ಎರಡನ್ನೂ ಒಂದೆಂದು ಬಗೆದು ದರ ಹೋಲಿಸಿದರೆ ಡಬ್ಬಿಗೆ ಒಂದೂಕಾಲು ಕಿಲೋ ನಷ್ಟ. ಎಣ್ಣೆಯ ಗಾತ್ರ ಕಾವಿನೊಡನೆ ಹಿಗ್ಗುತ್ತದೆ: ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ. ಈ ಕಾರಣದಿಂದಲೇ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು, ಪೊಟ್ಟಣದ ಮೇಲೆ ಉಷ್ಣತೆಯನ್ನು ನಮೂದಿಸದೆ ಗಾತ್ರದೊಡನೆ ಸರಿಯಾದ ತೂಕವನ್ನೂ ತಿಳಿಸಬೇಕೆಂದು 2022ರಲ್ಲಿ ತಯಾರಕರಿಗೆ ಸೂಚಿಸಿತು.

ಪರಿವರ್ತನೆಯ ಕ್ರಮ

ಪುಸ್ತಕದ ಕೋಷ್ಟಕಕ್ಕಿಂತ ಸ್ವಂತ ತಕ್ಕಡಿ ಮೇಲು. ಮೊದಲು ಬರಿ ಬಟ್ಟಲನ್ನು ತೂಗಬೇಕು. ಬಳಿಕ ಪದಾರ್ಥವನ್ನು ಅದುಮದೆ ತುಂಬಿ, ಅಂಚಿಗೆ ಸಮನಾಗಿ ಗೀರಿ ತೂಗಿ, ಬಟ್ಟಲಿನ ತೂಕವನ್ನು ಕಳೆಯಬೇಕು. ಹೀಗೆ ಮೂರು ಸಲ ತೂಗಿ ಸರಾಸರಿ ಹಿಡಿಯಬೇಕು. ಉಪ್ಪಿನ ಬಗೆ ಅಥವಾ ಖಾರದ ಪುಡಿಯ ನುಣುಪು ಬದಲಾದರೆ ಮತ್ತೆ ತೂಗಬೇಕು. ಹಣ್ಣಿಗೆ ಎಣಿಕೆಯನ್ನು ಬಿಟ್ಟು, ಹೆಚ್ಚಿದ ಹೋಳಿನ ತೂಕವನ್ನೇ ಆಧಾರವಾಗಿಟ್ಟು, ಒಂದು ಕಿಲೋ ಹೋಳಿಗೆ ಉಳಿದವು ಎಷ್ಟೆಷ್ಟು ಗ್ರಾಂ ಎಂದು ಬರೆದಿಡಬೇಕು.

ಇಷ್ಟಾದರೆ ಪ್ರತಿ ಕಿಲೋ ಸರಕಿನ ಅಸಲು ಖರ್ಚು ಎಷ್ಟೆಂಬುದು ಸ್ಪಷ್ಟವಾಗುತ್ತದೆ. 2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ಪೊಟ್ಟಣದ ಮೇಲೆ ನಿವ್ವಳ ಪ್ರಮಾಣವನ್ನು ನಮೂದಿಸಲು ಹೇಗೂ ತಕ್ಕಡಿ ಬೇಕು. ಆ ತಕ್ಕಡಿ ಪೊಟ್ಟಣ ಕಟ್ಟುವ ಮೇಜಿನ ಮೇಲಷ್ಟೇ ಇದ್ದರೆ ಸಾಲದು. ಉಪ್ಪು ಹಾಕುವ ಜಾಗದಲ್ಲಿಯೂ ಇರಬೇಕು. ಮೊದಲ ಜಾಡಿಯ ರುಚಿ ನೂರನೆಯ ಜಾಡಿಯಲ್ಲಿಯೂ ಸಿಕ್ಕಿದಾಗಲೇ ಗಿರಾಕಿ ಮರಳಿ ಬರುತ್ತಾನೆ.