ಪಂಜರದ ಹಕ್ಕಿಯ ಬಾಣಂತನ

ಪೇಟೆಯ ಹಕ್ಕಿ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂಬ ಹೆಸರಿನಿಂದ ಮಾರಾಟವಾಗುವ ಹಸುರು, ಹಳದಿ, ನೀಲಿ ಬಣ್ಣಗಳ ಪುಟ್ಟ ಗಿಳಿಗಳನ್ನು ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಕೆಲವರು ಮನೆಗೆ ತಂದು ಸಾಕುತ್ತಲೂ ಇರಬಹುದು. ಆ ಹೆಸರು ಈ ಹಕ್ಕಿಗೆ ಸಲ್ಲತಕ್ಕದ್ದಲ್ಲ. ನಿಜವಾದ ಲವ್ ಬರ್ಡ್ ಆಫ್ರಿಕಾ ಖಂಡಕ್ಕೆ ಸೇರಿದ, ಮೋಟು ಬಾಲದ ಬೇರೊಂದು ಹಕ್ಕಿ. ನಮ್ಮಲ್ಲಿ ಆ ಹೆಸರಿನಿಂದ ಸಾಮಾನ್ಯವಾಗಿ ದೊರೆಯುವುದು ಬಡ್ಜರಿಗರ್. ಆಸ್ಟ್ರೇಲಿಯಾದ ಒಣ ಒಳನಾಡು ಅದರ ತವರು. ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞರು 1840ರಲ್ಲಿ ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದರು. ಆ ಬಳಿಕ ಅದು ಪಂಜರದಲ್ಲಿಯೇ ಹುಟ್ಟಿ, ಪಂಜರದಲ್ಲಿಯೇ ಬೆಳೆದು, ಲೋಕದ ಎಲ್ಲ ಕಡೆಗೂ ಹರಡಿತು. ಕಾಡಿನಲ್ಲಿ ಅದರ ಮೈ ಹಸುರು. ಉಳಿದ ಬಣ್ಣಗಳೆಲ್ಲ ಸಾಕಿದವರು ಆರಿಸಿ ಆರಿಸಿ ಬೆಳೆಸಿದುವು.

ಇಲ್ಲಿ ಒಂದು ಮಾತನ್ನು ಹೇಳಿ ಮುಂದೆ ಹೋಗುತ್ತೇನೆ. ಹಿಂದಿನ ಕಾಲದಲ್ಲಿ ನಮ್ಮ ಮನೆಗಳ ಜಗುಲಿಯಲ್ಲಿ ನಮ್ಮ ತೋಟದ ಗಿಳಿಯೇ ಪಂಜರದಲ್ಲಿರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ದೆಸೆಯಿಂದ ಈಗ ಅದನ್ನಾಗಲಿ, ರಾಟವಾಳ, ಗೊರವಂಕ ಮೊದಲಾದ ನಮ್ಮ ನೆಲದ ಹಕ್ಕಿಗಳನ್ನಾಗಲಿ ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಅದು ನ್ಯಾಯವೇ ಸರಿ. ಆದುದರಿಂದ ನಾನು ಹೇಳುವುದೆಲ್ಲ ತಲೆತಲಾಂತರದಿಂದ ಸಾಕುಪ್ರಾಣಿಯಾಗಿ ಬಂದಿರುವ ಈ ಬಡ್ಜರಿಗರ್ ಹಕ್ಕಿಯ ವಿಷಯವೆಂದು ತಿಳಿಯಬೇಕು.

ಇದರ ಸಂತಾನಕ್ರಮವನ್ನು ಅರಿಯಬೇಕಾದರೆ ಇದರ ತವರನ್ನು ಮೊದಲು ನೆನೆಯಬೇಕು. ಅಲ್ಲಿ ಮಳೆಗೆ ಕಾಲನಿಯಮವಿಲ್ಲ. ಬಂದಾಗ ಬಂತು, ಬಾರದಿದ್ದರೆ ತಿಂಗಳುಗಟ್ಟಲೆ ಇಲ್ಲ. ಮಳೆ ಬಿದ್ದು ಹುಲ್ಲು ಚಿಗುರಿ ಬೀಜ ಕಟ್ಟಿತೆಂದರೆ ಹಿಂಡುಹಿಂಡಾಗಿ ಬಂದ ಹಕ್ಕಿಗಳು ಮರದ ಪೊಟರೆಗಳನ್ನು ಹಿಡಿದು, ಬೀಜ ಇರುವವರೆಗೂ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ನೆಲ ಒಣಗಿತೋ, ಎಲ್ಲವನ್ನೂ ನಿಲ್ಲಿಸಿ ಬೇರೆ ಕಡೆಗೆ ಹಾರುತ್ತವೆ. ಹೆಣ್ಣಿಗೆ ಬಿಡುವು ಕೊಡತಕ್ಕದ್ದು ಅಲ್ಲಿ ಬರಗಾಲ. ನಮ್ಮ ಹಕ್ಕಿಮನೆಯಲ್ಲಾದರೋ ಬಟ್ಟಲಿನಲ್ಲಿ ನವಣೆ ತೀರುವುದಿಲ್ಲ, ನೀರು ಬತ್ತುವುದಿಲ್ಲ, ಗೂಡಿನ ಕುಡಿಕೆ ಸದಾ ತೂಗಾಡುತ್ತಲೇ ಇರುತ್ತದೆ. ಆ ಬಡಪ್ರಾಣಿಯ ಪಾಲಿಗೆ ವರ್ಷವೆಲ್ಲ ಸುಭಿಕ್ಷ. ಅದು ಇಡುತ್ತಲೇ ಹೋಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮೊದಲು ನಾನು ತಂದ ಜೋಡಿಯ ಹೆಣ್ಣು ಬಹಳ ಒಳ್ಳೆಯ ತಾಯಿ. ಒಂದು ವರ್ಷದೊಳಗೆ ನಾಲ್ಕು ಸಲ ಮೊಟ್ಟೆಯಿಟ್ಟು ಮರಿ ಮಾಡಿತು. ನಾನೂ ಹೆಮ್ಮೆಯಿಂದ ಬಂಧುಮಿತ್ರರಿಗೆಲ್ಲ ಮರಿಗಳನ್ನು ಹಂಚಿದೆನು. ಆಗ ಮನೆಗೆ ಬಂದಿದ್ದ ನನ್ನ ಸೋದರತ್ತೆಯವರು ಪಂಜರದ ಮುಂದೆ ಸ್ವಲ್ಪ ಹೊತ್ತು ಕುಳಿತಿದ್ದು, “ಅಲ್ಲವೋ ಮಗು, ಒಂದರ ಮೇಲೊಂದು ಹೆರಿಗೆ ಮಾಡಿಸುತ್ತೀಯಲ್ಲ, ಇದಕ್ಕೆ ಬಾಣಂತನ ಯಾವಾಗ?” ಎಂದು ಕೇಳಿದರು. “ಅತ್ತೆ, ಅದು ಹಕ್ಕಿ; ಅದಕ್ಕೆ ಬೇಕಾದಾಗ ಅದು ನಿಲ್ಲಿಸುತ್ತೆ” ಎಂದು ನಾನು ನಕ್ಕುಬಿಟ್ಟೆನು. ಐದನೆಯ ಸರದಿಯಲ್ಲಿ, ಒಂದು ಬೆಳಗ್ಗೆ, ಆ ಹೆಣ್ಣು ಗರಿ ಕೆದರಿಕೊಂಡು ಪಂಜರದ ನೆಲದ ಮೂಲೆಯಲ್ಲಿ ಕುಳಿತಿತ್ತು. ಉಸಿರಿಗೊಮ್ಮೆ ಬಾಲ ಕುಣಿಯುತ್ತಿತ್ತು. ಚಳಿಯಾಗಿದೆಯೆಂದು ಭಾವಿಸಿ ಪಂಜರಕ್ಕೆ ಒಂದು ಬಟ್ಟೆ ಹೊದಿಸಿ ಕೆಲಸಕ್ಕೆ ಹೊರಟುಹೋದೆನು. ಸಾಯಂಕಾಲ ಹಿಂದಿರುಗುವ ವೇಳೆಗೆ ಅದು ಸತ್ತಿತ್ತು. ಮೊಟ್ಟೆಯು ಹೊರಬರಲಾರದೆ ಒಳಗೇ ಸಿಕ್ಕಿಕೊಂಡಿತ್ತು.

ಆ ಮೊಟ್ಟೆ ಏಕೆ ಸಿಕ್ಕಿಕೊಂಡಿತೆಂಬುದನ್ನು ವಿಚಾರಿಸೋಣ. ಮೊಟ್ಟೆಯ ಚಿಪ್ಪು ಸುಣ್ಣ. ಮೂವತ್ತು ನಲವತ್ತು ಗ್ರಾಂ ತೂಗುವ ಹಕ್ಕಿ ಸುಮಾರು ಎರಡು ಗ್ರಾಂ ತೂಕದ ಮೊಟ್ಟೆಯನ್ನು ಒಂದು ದಿನ ಬಿಟ್ಟು ಒಂದು ದಿನದಂತೆ ನಾಲ್ಕರಿಂದ ಆರರವರೆಗೆ ಇಡುತ್ತದೆ. ಆ ಚಿಪ್ಪಿಗೆ ಬೇಕಾದ ಸುಣ್ಣವು ಆಹಾರದಲ್ಲಿ ಸಾಲದಿದ್ದರೆ ತಾಯಿಯ ಮೂಳೆಯಿಂದ ಹೊರಡುತ್ತದೆ. ಮೊಟ್ಟೆಯನ್ನು ಹೊರಕ್ಕೆ ನೂಕುವ ಸ್ನಾಯುಗಳಿಗೂ ಅದೇ ಸುಣ್ಣದ ಅಂಶವೇ ಬಲ. ಸರದಿಯ ಮೇಲೆ ಸರದಿ ಬಂದರೆ ಬೊಕ್ಕಸ ಬರಿದಾಗಿ, ಚಿಪ್ಪು ಮೆತ್ತಗಾಗಿ, ಸ್ನಾಯು ಸೋಲುತ್ತದೆ. ವಯಸ್ಸು ತುಂಬದ ಹೆಣ್ಣಿಗೂ, ಕೊಬ್ಬು ಬೆಳೆದ ಹೆಣ್ಣಿಗೂ, ವಿಪರೀತ ಚಳಿಯಲ್ಲಿಯೂ ಈ ಅಪಾಯ ಉಂಟು.

ಆದುದರಿಂದ ಸಾಕುವವನು ಗಂಡುಹೆಣ್ಣುಗಳನ್ನು ಜೊತೆಗೂಡಿಸುವುದಕ್ಕೆ ಎಷ್ಟೋ ದಿನ ಮೊದಲೇ ಈ ಬೊಕ್ಕಸವನ್ನು ತುಂಬಲಾರಂಭಿಸಬೇಕು. ಸಮುದ್ರಫೇನವೆಂದು ಗ್ರಂಥಿಗೆ ಅಂಗಡಿಗಳಲ್ಲಿ ದೊರೆಯುವ ಬಿಳಿಯ ಹಗುರವಾದ ವಸ್ತುವನ್ನು ನೀವು ಬಲ್ಲಿರಿ. ಹೆಸರಿಗೆ ನೊರೆ, ನಿಜವಾಗಿ ಅದು ಕಡಲಿನ ಒಂದು ಪ್ರಾಣಿಯ ಒಳಚಿಪ್ಪು. ಅದನ್ನು ತಂತಿಗೆ ಕಟ್ಟಿ ತೂಗಬಿಟ್ಟರೆ ಹಕ್ಕಿಯು ಬೇಕಾದಷ್ಟನ್ನು ತಾನೇ ಕೆರೆದುಕೊಳ್ಳುವುದು. ಆದರೆ ಸುಣ್ಣವು ಮೈಗೆ ಹತ್ತಬೇಕಾದರೆ ಬಿಸಿಲು ಬೇಕು. ಅದೂ ನೇರವಾದ ಬಿಸಿಲು. ಕಿಟಕಿಯ ಗಾಜಿನ ಹಿಂದೆ ಪಂಜರವನ್ನಿಟ್ಟು ಬಿಸಿಲು ಬೀಳುತ್ತಿದೆಯೆಂದು ತೃಪ್ತಿಪಡುವವರುಂಟು. ಬೆಳಕಿನಲ್ಲಿ ಯಾವ ಅಂಶವು ಜೀವಸತ್ವ ‘ಡಿ’ಯನ್ನು ಉಂಟುಮಾಡುವುದೋ ಅದನ್ನೇ ಗಾಜು ಬಹುಮಟ್ಟಿಗೆ ತಡೆದುಬಿಡುತ್ತದೆ. ಪೂರ್ವದ ಎಳೆಬಿಸಿಲು ಒಳಕ್ಕೆ ಬರುವಂತೆಯೂ, ಅರ್ಧ ಭಾಗ ನೆರಳಿರುವಂತೆಯೂ ಹಕ್ಕಿಮನೆಯನ್ನು ಕಟ್ಟುವುದು ಮೇಲು. ಹೊಸ ಬಲೆಯ ತಂತಿಗೆ ಹಚ್ಚಿರುವ ಸತುವು ಹಕ್ಕಿಗೆ ವಿಷವಾದುದರಿಂದ ತಂತಿಯನ್ನು ಮೊದಲು ವಿನಿಗರಿನಿಂದ ಉಜ್ಜಿ ತೊಳೆಯಬೇಕು. ಇಲಿ, ಬೆಕ್ಕು, ಕೇರೆಹಾವುಗಳ ಮಾತು ಹೇಳಲೇಬೇಕಾಗಿಲ್ಲ. ಇರುವೆಗಳನ್ನು ಮಾತ್ರ ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಗತಾನೆ ಒಡೆದ ಮೊಟ್ಟೆಯ ಮರಿಗೆ ಅವು ಬೆಕ್ಕಿಗಿಂತಲೂ ಕ್ರೂರಿಗಳು. ಗೂಡಿನ ಕಂಬಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದು ಹಳೆಯ ಉಪಾಯ, ಒಳ್ಳೆಯ ಉಪಾಯ.

ಆಹಾರಕ್ಕೆ ನವಣೆ, ಬರಗು, ಸಾಮೆಗಳು ಸಾಮಾನ್ಯವಾಗಿ ಸಾಕು. ಮರಿಗಳ ಕಾಲದಲ್ಲಿ ಮಾತ್ರ ಕಾಳನ್ನು ಮೊಳಕೆ ಬರಿಸಿ ಕೊಡಬೇಕು. ಬೇಯಿಸಿದ ಕೋಳಿಮೊಟ್ಟೆಯನ್ನು ಹಿಚುಕಿ ರಸ್ಕಿನ ಪುಡಿಯೊಡನೆ ಕಲಸಿ ಕೊಡುವುದು ಉತ್ತಮ. ಇವೆರಡೂ ಬೇಗ ಹಳಸುವುವಾದುದರಿಂದ ಕೆಲವು ಗಂಟೆಗಳಲ್ಲಿಯೇ ಮಿಕ್ಕುದನ್ನು ತೆಗೆದುಬಿಡಬೇಕು. ಕೊತ್ತಂಬರಿ, ಪಾಲಕ್ ಮುಂತಾದ ಸೊಪ್ಪನ್ನು ಚೆನ್ನಾಗಿ ತೊಳೆದು, ನೀರು ತೊಟ್ಟಿಕ್ಕುತ್ತಿರುವಂತೆಯೇ ತೂಗುಹಾಕಿರಿ. ಇದರ ಕಾರಣವನ್ನು ಮುಂದೆ ಹೇಳುತ್ತೇನೆ.

ಕೊಕ್ಕಿನ ಬುಡದಲ್ಲಿ, ಮೂಗಿನ ಹೊಳ್ಳೆಗಳ ಸುತ್ತ ಮೆತ್ತನೆಯ ಚರ್ಮದ ಪಟ್ಟಿಯೊಂದಿದೆ. ವಯಸ್ಸಿಗೆ ಬಂದ ಗಂಡಿನಲ್ಲಿ ಅದು ಸಾಮಾನ್ಯವಾಗಿ ನೀಲಿ. ಮೊಟ್ಟೆಯಿಡಲು ಸಿದ್ಧವಾದ ಹೆಣ್ಣಿನಲ್ಲಿ ಕಂದು. ಅಚ್ಚಬಿಳಿ, ಅಚ್ಚಹಳದಿ ಹಕ್ಕಿಗಳಲ್ಲಿ ಗಂಡಿಗೂ ಅದು ನೀಲಿಯಾಗದೆ ನಸುಗೆಂಪಾಗಿಯೇ ಉಳಿಯುವುದರಿಂದ ಕೊಳ್ಳುವವರು ಮೋಸಹೋಗುವುದುಂಟು. ಹಕ್ಕಿಗೆ ಒಂದು ವರ್ಷ ತುಂಬುವ ಮೊದಲು ಜೊತೆಗೂಡಿಸದಿರುವುದು ಕ್ಷೇಮ. ಗೂಡಿಗೆ ನಮ್ಮ ಕುಂಬಾರನ ಕುಡಿಕೆಯೇ ಚೆನ್ನ. ಅದು ಬೇಸಗೆಯಲ್ಲಿ ತಂಪು, ತಳವೂ ಗುಂಡು. ಮರದ ಪೆಟ್ಟಿಗೆಯಾದರೆ ತಳವನ್ನು ಬಟ್ಟಲಿನಂತೆ ತೋಡಿಸಬೇಕು. ಚಪ್ಪಟೆಯಾದ ನೆಲದ ಮೇಲೆ ಮೊಟ್ಟೆಗಳು ಉರುಳುವುದಲ್ಲದೆ ಮರಿಗಳ ಕಾಲುಗಳು ಎರಡು ಪಕ್ಕಕ್ಕೂ ಜಾರಿ ಸೊಟ್ಟಗಾಗುತ್ತವೆ. ಹಲವು ಜೋಡಿಗಳಿದ್ದರೆ ಜೋಡಿಗಳಿಗಿಂತ ಹೆಚ್ಚು ಕುಡಿಕೆಗಳನ್ನು, ಎಲ್ಲವನ್ನೂ ಒಂದೇ ಎತ್ತರದಲ್ಲಿ, ಕಟ್ಟಬೇಕು. ಮೇಲಿನ ಮನೆಗಾಗಿ ಹೆಣ್ಣುಗಳು ರಕ್ತ ಬರುವಂತೆ ಹೋರಾಡುವುವು. ಜೋಡಿಯಿಲ್ಲದ ಹೆಣ್ಣೊಂದನ್ನು ಒಳಗೆ ಬಿಟ್ಟರಂತೂ ಅದು ಕಂಡವರ ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ಹಾಳುಮಾಡುವುದು.

ಮೊದಲನೆಯ ಅಥವಾ ಎರಡನೆಯ ಮೊಟ್ಟೆಯಿಂದಲೇ ಹೆಣ್ಣು ಕಾವಿಗೆ ಕೂರುತ್ತದೆ. ಗಂಡು ಹೊರಗಿನಿಂದ ಮೇವನ್ನು ತಂದು ಅದರ ಬಾಯಿಗೆ ಉಣಿಸುತ್ತದೆ. ಹೆಣ್ಣು ಬಹಳ ಹೊತ್ತು ತಡೆದು ದಿನಕ್ಕೆ ಕೆಲವೇ ಸಲ ಹೊರಬಂದು ದೊಡ್ಡದಾಗಿ ಮಲವಿಸರ್ಜನೆ ಮಾಡುವುದನ್ನು ನೋಡಿ ಹೊಸಬರು ರೋಗವೆಂದು ಗಾಬರಿಯಾಗುತ್ತಾರೆ. ಅದು ಸಹಜ. ಸುಮಾರು ಹದಿನೆಂಟು ದಿನಗಳಲ್ಲಿ ಮೊಟ್ಟೆ ಒಡೆಯುವುದು. ಇಟ್ಟ ಕ್ರಮದಲ್ಲಿಯೇ ಸಾಮಾನ್ಯವಾಗಿ ಒಂದು ದಿನ ಬಿಟ್ಟು ಒಂದು ದಿನ ಒಡೆಯುವುವು. ಆದುದರಿಂದ ಒಂದೇ ಗೂಡಿನ ಹಿರಿಯ ಮರಿಗೆ ಎಂಟು ಹತ್ತು ದಿನ ತುಂಬಿರುವಾಗ ಕಿರಿಯದು ಇನ್ನೂ ಮೊಟ್ಟೆಯೊಳಗಿರಬಹುದು.

ಈ ಹದಿನೆಂಟು ದಿನಗಳು ಹಕ್ಕಿಗಿಂತ ಹೆಚ್ಚಾಗಿ ಸಾಕುವವನಿಗೆ ಪರೀಕ್ಷೆ. ಕೈ ಸುಮ್ಮನಿರುವುದಿಲ್ಲ. ದಿನಕ್ಕೆ ಒಂದು ಸಲ, ಹೆಣ್ಣು ತಾನಾಗಿ ಹೊರಗೆ ಬಂದಿರುವ ವೇಳೆಯಲ್ಲಿ ಇಣಿಕಿ ನೋಡಿದರೆ ಸಾಕು. ಮೊಟ್ಟೆಯಲ್ಲಿ ಜೀವವಿದೆಯೆ ಎಂದು ತಿಳಿಯಬೇಕಾದರೆ ಆರೇಳು ದಿನ ಕಾವು ಕಂಡ ಬಳಿಕ, ಕತ್ತಲೆಯ ಕೋಣೆಯಲ್ಲಿ ಚಿಕ್ಕ ಬ್ಯಾಟರಿ ದೀಪದ ಮೇಲೆ ಹಿಡಿದು ನೋಡಬಹುದು. ಜೇಡನ ಬಲೆಯಂತೆ ಸಣ್ಣ ಕೆಂಪು ನರಗಳು ಕಂಡರೆ ಒಳಗೆ ಮರಿ ಬೆಳೆಯುತ್ತಿದೆ. ಬರಿಯ ಹಳದಿಯ ಬೆಳಕು ಕಂಡರೆ ಗೊಡ್ಡು. ಗೊಡ್ಡು ಮೊಟ್ಟೆಯನ್ನು ಆ ಕ್ಷಣವೇ ಎಸೆಯುವ ಆತುರ ಬೇಡ. ಅದು ಕಾವನ್ನು ಹಿಡಿದಿಟ್ಟುಕೊಂಡು ಪಕ್ಕದ ಮೊಟ್ಟೆಗಳಿಗೂ, ಆಮೇಲೆ ಎಳೆಯ ಮರಿಗೂ ಆಸರೆಯಾಗುತ್ತದೆ. ಅಲ್ಲದೆ ಮೊಟ್ಟೆಗಳನ್ನು ತೆಗೆದಷ್ಟೂ ತಾಯಿಯು ಆ ಕೊರತೆಯನ್ನು ತುಂಬಲೆಂದು ಮತ್ತೆ ಇಡಬಹುದು. ಮರಿಗಳು ಬೇಡವೆನ್ನುವವರು ಹೊಸ ಮೊಟ್ಟೆಗಳನ್ನು ಕುದಿಸಿ, ಆರಿಸಿ, ಗೂಡಿನಲ್ಲಿಯೇ ಹಿಂದಕ್ಕಿಟ್ಟು, ಕುಳಿತು ಬೇಸರಗೊಂಡು ತಾನೇ ಎದ್ದುಹೋಗುವವರೆಗೂ ಬಿಡುವುದು ಹೆಣ್ಣಿಗೆ ಮಾಡುವ ದೊಡ್ಡ ಉಪಕಾರ.

ಒಡೆಯುವ ದಿನಗಳಲ್ಲಿ ಗೂಡಿನ ಗಾಳಿ ತೀರ ಒಣಗಿದ್ದರೆ ಮೊಟ್ಟೆಯ ಒಳಪೊರೆ ತೊಗಲಿನಂತೆ ಗಟ್ಟಿಯಾಗಿ ಮರಿ ಉಸಿರು ಕಟ್ಟಿ ಸಾಯುತ್ತದೆ. ನೀರು ತೊಟ್ಟಿಕ್ಕುವ ಸೊಪ್ಪಿನ ಗುಟ್ಟು ಇದೇ. ಹೆಣ್ಣು ಅದರಲ್ಲಿ ಮೈಯೊದ್ದೆ ಮಾಡಿಕೊಂಡು ಆ ತೇವವನ್ನು ತನ್ನ ಎದೆಯ ಗರಿಗಳಲ್ಲಿ ಒಳಕ್ಕೆ ಕೊಂಡೊಯ್ಯುತ್ತದೆ. ಎಷ್ಟು ಬೇಕೆಂಬುದು ನಮಗಿಂತ ಅದಕ್ಕೆ ಚೆನ್ನಾಗಿ ಗೊತ್ತು. ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಮರಿ ಹೊರಬರುವುದಕ್ಕೆ ಒಂದು ದಿನ, ಕೆಲವು ವೇಳೆ ಅದಕ್ಕಿಂತ ಹೆಚ್ಚು, ಹಿಡಿಯಬಹುದು. ಒಳಗಿನಿಂದ ಕೀಚುಕೀಚೆಂಬ ಸದ್ದನ್ನು ಕೇಳಿ ಕರುಣೆಯಿಂದ ಚಿಪ್ಪನ್ನು ಸುಲಿಯಹೋಗಬೇಡಿರಿ. ಆ ವೇಳೆಯಲ್ಲಿ ಪೊರೆಯ ನರಗಳಿಂದ ರಕ್ತವು ಇನ್ನೂ ಮರಿಯ ಮೈಗೆ ಸೇರುತ್ತಿರುತ್ತದೆ. ಹಳದಿಯ ಚೀಲವೂ ಹೊಟ್ಟೆಯೊಳಕ್ಕೆ ಪೂರ್ತಿ ಸೇರಿರುವುದಿಲ್ಲ.

ರಾತ್ರಿಯ ಗದ್ದಲ ಇನ್ನೊಂದು ಕಂಟಕ. ದೀಪಾವಳಿಯ ಪಟಾಕಿಗೆ ಬೆದರಿ ಕತ್ತಲೆಯಲ್ಲಿ ಹೊರಗೆ ಹಾರಿದ ತಾಯಿ ಮತ್ತೆ ಗೂಡಿನ ಬಾಯನ್ನು ಕಾಣಲಾರದೆ ಬೆಳಗಿನವರೆಗೂ ಸಲಾಕೆಗೆ ಜೋತುಕೊಂಡಿರುವುದನ್ನು ನಾನು ನೋಡಿದ್ದೇನೆ. ಅಷ್ಟು ಹೊತ್ತಿಗೆ ಮೊಟ್ಟೆಗಳು ತಣ್ಣಗಾಗಿದ್ದುವು. ಅಂಥ ದಿನಗಳಲ್ಲಿ ಬಲು ಮಂದವಾದ ದೀಪವೊಂದನ್ನು ಉರಿಸಿಟ್ಟಿರಬೇಕು.

ಮರಿಗಳು ಮೈಮೇಲೆ ಒಂದು ಎಳೆ ಗರಿಯಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ತಾಯಿಯು ತನ್ನೊಳಗಿನಿಂದ ಹಾಲಿನಂತಹ ದ್ರವವನ್ನು ಮೊದಲು ಉಣಿಸಿ, ಬೆಳೆದಂತೆಲ್ಲ ಅರೆದ ಕಾಳನ್ನು ಕೊಡುತ್ತದೆ. ಹತ್ತು ದಿನಗಳ ಸುಮಾರಿಗೆ ಕಣ್ಣು ಬಿಡುವುವು. ಮೂವತ್ತು ಮೂವತ್ತೈದು ದಿನಗಳಲ್ಲಿ ಹೊರಗೆ ಬರುವುವು. ಆ ಮೇಲೆ ಒಂದೆರಡು ವಾರ ಉಣಿಸುವ ಭಾರ ಮುಖ್ಯವಾಗಿ ತಂದೆಯದು. ಏಕೆಂದರೆ ತಾಯಿ ಆಗಲೇ ಮುಂದಿನ ಸರದಿಗೆ ಕುಳಿತಿರುತ್ತದೆ. ದಾರಿಗೆ ಅಡ್ಡವಾದ ಮರಿಗಳ ಗರಿ ಕೀಳುವುದೂ ಉಂಟು. ಇದು ಕ್ರೌರ್ಯವೆಂದು ನಾವು ತಿಳಿಯುತ್ತೇವೆ. ಅದರ ಲೆಕ್ಕದಲ್ಲಿ ಮಳೆ ಇನ್ನೂ ನಿಂತಿಲ್ಲ, ಅಷ್ಟೆ.

ನಾನು ಹೇಳಿದ ಲಕ್ಷಣಗಳು, ಎಂದರೆ ಗರಿ ಕೆದರಿಕೊಂಡು ನೆಲದ ಮೇಲೆ ಕೂರುವುದು, ಮುಕ್ಕರಿಯುವುದು, ಬಾಲ ಕುಣಿಯುವುದು, ಹೆಣ್ಣಿನಲ್ಲಿ ಕಂಡರೆ ಒಂದು ಗಂಟೆಯನ್ನೂ ಕಳೆಯಬಾರದು. ಚಿಕ್ಕ ಪೆಟ್ಟಿಗೆಯಲ್ಲಿ ಮೂವತ್ತು ಡಿಗ್ರಿಯ ಸುಮಾರು ಶಾಖವನ್ನೂ ತೇವವನ್ನೂ ಒದಗಿಸಿ, ಹಕ್ಕಿಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಆಗಲೇ ಕೊಂಡೊಯ್ಯಬೇಕು. ಕೈಯಿಂದ ಒತ್ತಿ ಮೊಟ್ಟೆಯನ್ನು ಹೊರಡಿಸುವ ಸಾಹಸ ಬೇಡ. ಒಳಗೆ ಒಡೆದರೆ ಹಕ್ಕಿ ಉಳಿಯುವುದು ಕಷ್ಟ.

ವರ್ಷಕ್ಕೆ ಎರಡು ಸರದಿ ಸಾಕು. ನಮ್ಮ ಹವೆಗೆ ಮಳೆಗಾಲ ಮುಗಿದ ಬಳಿಕ ಆರಂಭಿಸಿ, ಬೇಸಗೆಯ ಬಿಸಿಲು ಏರುವ ಮೊದಲು ಮುಗಿಸಬೇಕು. ಎರಡನೆಯ ಸಲದ ಮರಿಗಳು ತಾವಾಗಿ ಕಾಳನ್ನು ಒಡೆಯಲು ಕಲಿತ ದಿನವೇ ಗಂಡುಹೆಣ್ಣುಗಳನ್ನು ಬೇರ್ಪಡಿಸಿ, ಕುಡಿಕೆಗಳನ್ನು ಇಳಿಸಿಬಿಡಿರಿ; ಮೊಟ್ಟೆಯ ತಿನಿಸನ್ನೂ ನಿಲ್ಲಿಸಿರಿ. ಹೆಣ್ಣು ಎರಡು ಮೂರು ದಿನ ಕುಡಿಕೆ ತೂಗುತ್ತಿದ್ದ ಜಾಗಕ್ಕೆ ಬಂದು ಬಂದು ತಂತಿಯನ್ನು ಕಚ್ಚಿ ನೋಡುತ್ತದೆ. ನೋಡುವವರಿಗೆ ಮನಸ್ಸು ಕರಗುವುದು ಸಹಜವೇ. ಕರಗಿ ಮತ್ತೆ ಕಟ್ಟಬಾರದು. ಕೆಲವು ವಾರಗಳಲ್ಲಿ ಅದು ಹಳೆಯ ಗರಿಗಳನ್ನು ಉದುರಿಸಿ, ಹೊಸ ಗರಿ ತೊಟ್ಟು, ಹಾರಾಡಲು ತೊಡಗುವುದು. ಕುಡಿಕೆಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ಒಳ್ಳೆಯ ಬಿಸಿಲಿನಲ್ಲಿ ಒಣಗಿಸಿ, ಮುಂದಿನ ಮಳೆಗಾಲ ಕಳೆಯುವವರೆಗೆ ಅಟ್ಟದ ಮೇಲೆ ಬೋರಲು ಹಾಕಿಡಬೇಕು.